ಈರಬಸಪ್ಪನಿಗೆ ಕಲಿಸಿದ ಉಸಿರು

ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಗಂಗಾಧರಪ್ಪನ ಹೊಲಿಗೆ ಅಂಗಡಿ. ಎದುರಿಗೇ ಈರಬಸಪ್ಪನ ವಾಚು ರಿಪೇರಿ ಅಂಗಡಿ. ನಡುವೆ ಒಂದು ಟ್ರ್ಯಾಕ್ಟರ್ ಹೋಗುವಷ್ಟು ರಸ್ತೆ, ಒಂದು ಚರಂಡಿ. ಹೊಲಿಗೆ ಮಿಷನ್ನಿನ ಮೇಲೆ ಬಗ್ಗಿದ ಗಂಗಾಧರಪ್ಪ ತಲೆ ಎತ್ತಿದಾಗಲೆಲ್ಲ ಕಾಣುವುದು ಈರಬಸಪ್ಪನ ಬೋಳು ನೆತ್ತಿ. ಅವನು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ವಾಚಿನೊಳಗೆ ಬಗ್ಗಿರುತ್ತಾನೆ. ಇಪ್ಪತ್ತೈದು ವರ್ಷ ಹೀಗೆ ಎದುರುಬದುರು ಬಗ್ಗಿ ಕೂತು ಇಬ್ಬರ ತಲೆಯೂ ಹೆಗಲು ಬಿಟ್ಟು ಗೇಣು ಮುಂದಕ್ಕೆ ಬಂದಿದೆ. ಹೈಸ್ಕೂಲು ಹುಡುಗರು ಇಬ್ಬರಿಗೂ ಆಮೆ ಎಂದು ಹೆಸರಿಟ್ಟಿದ್ದರು, ದೊಡ್ಡ ಆಮೆ ಮತ್ತು ಸಣ್ಣ ಆಮೆ. ದೊಡ್ಡ ಆಮೆ ಗಂಗಾಧರಪ್ಪ. ಹೆಸರು ಹೇಗಾದರೂ ಇರಲಿ, ದೊಡ್ಡದು ತಾನೇ ಎಂಬ ಸಮಾಧಾನ ಅವನಿಗಿತ್ತು.

ಇಬ್ಬರೂ ಪುರವಂತರು. ವೀರಭದ್ರ ಮನೆದೇವರಾದ ಮನೆಗಳಲ್ಲಿ ಮದುವೆಗೆ ಮುಂಚೆ ಗುಗ್ಗುಳದ ಮೆರವಣಿಗೆ ತೆಗೆಯುತ್ತಾರೆ. ಸಮಾಳ, ತಾಳ, ಶಹನಾಯಿಯ ಮುಂದೆ ಪುರವಂತ ಕಾವಿ ತೊಟ್ಟು, ಗೆಜ್ಜೆ ಕಟ್ಟಿ, ಕತ್ತಿ ಹಿಡಿದು ಹೆಜ್ಜೆ ಹಾಕುತ್ತಾನೆ. ನಡುನಡುವೆ ಮೇಳ ನಿಲ್ಲುತ್ತದೆ. ಆಗ ಅವನು ದೇವರ ಉಗ್ರವನ್ನು ಬಣ್ಣಿಸುವ ಒಡಪು ಹೇಳಬೇಕು. ಒಡಪಿನ ಕೊನೆಯ ಸಾಲುಗಳನ್ನು ಒಂದೇ ಉಸಿರಿನಲ್ಲಿ ಏರಿಸಿ ಮುಗಿಸಬೇಕು, ಮುಗಿದ ಕೂಡಲೇ ನೆರೆದವರೆಲ್ಲ ‘ಅಹಾ ರುದ್ರ, ಅಹಾ ದೇವ’ ಎಂದು ಕೂಗಬೇಕು. ಆ ಕೂಗಿಗಾಗಿಯೇ ಪುರವಂತ ಬದುಕಿರುತ್ತಾನೆ ಅಂದರೂ ತಪ್ಪಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಇಪ್ಪತ್ತಾರು ವರ್ಷ ಆ ಕೂಗು ಗಂಗಾಧರಪ್ಪನದಾಗಿತ್ತು. ಈರಬಸಪ್ಪ ಎಂಟು ವರ್ಷ ಚಿಕ್ಕವನು, ಒಡಪು ಕಲಿತದ್ದೂ ಗಂಗಾಧರಪ್ಪನ ಅಪ್ಪನ ಹತ್ತಿರವೇ. ಈ ಹುಡುಗನ ದನಿ ಗುಡುಗು ಎಂದು ಅಪ್ಪ ಒಮ್ಮೆ ಹೇಳಿದ್ದರು. ಮಗನ ದನಿಯ ಬಗ್ಗೆ ಅವರು ಯಾವತ್ತೂ ಏನೂ ಹೇಳಲಿಲ್ಲ, ಮಗ ಅದನ್ನು ಇವತ್ತಿಗೂ ಮರೆತಿಲ್ಲ.

ಹೋದ ಕಾರ್ತಿಕದಲ್ಲಿ ಭೀಮಸಮುದ್ರದ ಅಡಿಕೆ ಮಂಡಿಯವರ ಮನೆಯ ಗುಗ್ಗುಳ. ಮೊದಲ ಎರಡು ಒಡಪು ಸಲೀಸಾಗಿ ಹೋದವು. ಮೂರನೆಯದರ ಕೊನೆಗೆ ಬರುವಷ್ಟರಲ್ಲಿ ಗಂಗಾಧರಪ್ಪನ ಎದೆ ಖಾಲಿಯಾಯಿತು. ಬಾಯಿ ತೆರೆದೇ ಇತ್ತು, ಕತ್ತಿನ ನರಗಳು ಉಬ್ಬಿಕೊಂಡಿದ್ದವು, ಮಾತು ಮಾತ್ರ ಬರಲಿಲ್ಲ. ಒಡಪು ಅರ್ಧಕ್ಕೆ ನಿಂತರೆ ಮನೆಯವರಿಗೆ ಅಶುಭವೆಂದು ಹಿಂದಿರುವವನು ಎತ್ತಿಕೊಳ್ಳುವುದು ರೂಢಿ. ಈರಬಸಪ್ಪ ಹಿಂದಿದ್ದ. ಬಿಟ್ಟ ಮಾತಿನಿಂದಲೇ ಹಿಡಿದು, ಏರಿಸಿ, ನಿರಾಯಾಸವಾಗಿ ಮುಗಿಸಿದ. ಜನ ಕೂಗಿದ ಕೂಗಿಗೆ ಅಡಿಕೆ ಒಣಹಾಕಿದ ಕಣದಿಂದ ಪಾರಿವಾಳಗಳು ಎದ್ದು ಹೋದವು. ಈರಬಸಪ್ಪ ಮಾಡಿದ್ದು ರೂಢಿಯ ಕೆಲಸ, ಅದರಲ್ಲಿ ಎಳ್ಳಷ್ಟು ತಪ್ಪಿರಲಿಲ್ಲ. ಅದಕ್ಕೇ ಗಂಗಾಧರಪ್ಪನಿಗೆ ತಡೆಯಲಾಗಲಿಲ್ಲ. ತಪ್ಪಿದ್ದಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು.

ಅಲ್ಲಿಂದ ಮುಂದೆ ಗುಗ್ಗುಳದ ವೀಳ್ಯ ಎದುರಿನ ಅಂಗಡಿಗೇ ಹೋಗತೊಡಗಿತು. ಬಿಳಿ ಪಂಚೆಯ ಯಜಮಾನರು ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ರಸ್ತೆಗೆ ಬಂದರೆ ಗಂಗಾಧರಪ್ಪನ ಕಾಲು ಮಿಷನ್ನಿನ ಪೆಡಲಿನ ಮೇಲೆ ತಾನಾಗಿ ನಿಲ್ಲುತ್ತಿತ್ತು. ಅವರು ಇತ್ತ ತಿರುಗುತ್ತಾರೋ ಅತ್ತ ತಿರುಗುತ್ತಾರೋ ಎಂದು ಕಾಯುತ್ತಿದ್ದ. ಅತ್ತಲೇ ತಿರುಗುತ್ತಿದ್ದರು. ಆಮೇಲೆ ಅವನು ಹೊಲಿದ ಹೊಲಿಗೆಗಳು ಸೊಟ್ಟಗಾಗುತ್ತಿದ್ದವು. ಬ್ಯಾಂಕಿನ ಮ್ಯಾನೇಜರರ ಪ್ಯಾಂಟಿಗೆ ಒಂದು ಕಾಲು ಎರಡು ಬೆರಳು ಗಿಡ್ಡ ಮಾಡಿ ಕೊಟ್ಟದ್ದೂ ಅಂಥ ಒಂದು ದಿನವೇ.

ಮಗಳು ಬಿಂದುವಿನ ಮದುವೆ ಫಾಲ್ಗುಣಕ್ಕೆ ನಿಶ್ಚಯವಾಗಿತ್ತು. ಹೆಂಡತಿ ಮರುಳಸಿದ್ದಮ್ಮ ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತ, ಗುಗ್ಗುಳಕ್ಕೆ ಈರಬಸಪ್ಪನಿಗೇ ವೀಳ್ಯ ಕೊಟ್ಟು ಬಂದಿರುವುದಾಗಿ ಹೇಳಿದಳು. ಮಗಳ ಗುಗ್ಗುಳದಲ್ಲಿ ಒಡಪು ನಿಂತುಹೋದರೆ ಬೀಗರ ಮುಂದೆ ಮುಖ ಎತ್ತುವುದು ಹೇಗೆ ಎಂಬುದು ಅವಳ ಭಯ. ಅವಳು ಗಂಡನನ್ನು ಹೀಯಾಳಿಸಲಿಲ್ಲ. ಇದ್ದ ಮಾತನ್ನು ಇದ್ದಂತೆ ಹೇಳಿ ರೊಟ್ಟಿ ತಿರುವಿ ಹಾಕಿದಳು. ಗಂಗಾಧರಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಸ್ವಂತ ಮಗಳ ಗುಗ್ಗುಳದಲ್ಲಿ ಕತ್ತಿ ಹಿಡಿಯುವುದು ಈರಬಸಪ್ಪ, ಮುಂದೆ ನಿಂತು ಕೂಗು ತೆಗೆದುಕೊಳ್ಳುವುದೂ ಅವನು, ತಾನು ಬಾಗಿಲಲ್ಲಿ ನಿಂತು ಬೀಗರಿಗೆ ಪಾನಕ ಕೊಡಬೇಕು! ಅರ್ಧ ರೊಟ್ಟಿ ಬಿಟ್ಟು ಎದ್ದುಹೋದ.

ಮರುದಿನವೇ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದ. ಎದೆಯ ಡಾಕ್ಟರು ಪರೀಕ್ಷೆ ಮಾಡಿ, ಹೃದಯ ಶ್ವಾಸಕೋಶ ಎರಡೂ ಚೆನ್ನಾಗಿವೆ, ಇದು ನಿಮ್ಮ ಕತ್ತಿನ ಕಾಯಿಲೆ ಎಂದು ಫಿಸಿಯೋಥೆರಪಿಯ ದಿವ್ಯಾ ಮೇಡಂ ಹತ್ತಿರ ಕಳಿಸಿದರು. ದಿವ್ಯಾ ಮೂವತ್ತು ದಾಟಿರದ, ಮಾತಿನಲ್ಲಿ ಮುಲಾಜಿಲ್ಲದ ಹೆಣ್ಣುಮಗಳು. ಅವನನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದಳು. ಬೆನ್ನು ಗೋಡೆಗೆ ತಾಗಿತು, ತಲೆ ತಾಗಲಿಲ್ಲ. ನಡುವೆ ಅವಳ ನಾಲ್ಕು ಬೆರಳು ತೂರಿತು. ಆಮೇಲೆ ಒಂದು ಮೀಟರಿಗೆ ಬಾಯಿ ಹಚ್ಚಿ ಜೋರಾಗಿ ಉಸಿರೆಳೆಯಲು ಹೇಳಿದಳು. ನಲವತ್ತೆರಡು ಬಂತು. ಅವನ ವಯಸ್ಸಿನ ಗಂಡಸಿಗೆ ಅದರ ಎರಡರಷ್ಟು ಬರಬೇಕಂತೆ.

ಅವಳು ಬಿಡಿಸಿ ಹೇಳಿದಳು. ಉಸಿರೆಳೆಯುವ ದೊಡ್ಡ ಸ್ನಾಯು ಇರುವುದು ಎದೆ ಮತ್ತು ಹೊಟ್ಟೆಯ ನಡುವೆ, ಅದಕ್ಕೆ ವಪೆ ಎನ್ನುತ್ತಾರೆ. ತಲೆ ಮುಂದಕ್ಕೆ ಬಂದು ಬೆನ್ನು ಗೂನಾದವರಲ್ಲಿ ವಪೆ ಸೋಮಾರಿಯಾಗುತ್ತದೆ, ಅದರ ಕೆಲಸವನ್ನು ಕತ್ತಿನ ಸಣ್ಣ ಸ್ನಾಯುಗಳು ಮಾಡಹೋಗಿ ಸುಸ್ತಾಗುತ್ತವೆ. ಬೆರಳುದ್ದದ ಒಂದು ಪ್ಲಾಸ್ಟಿಕ್ ಸಾಧನ ಕೊಟ್ಟಳು. ಅದರೊಳಗೆ ಸ್ಪ್ರಿಂಗು, ಪಕ್ಕದಲ್ಲಿ ತಿರುಪು. ತಿರುಪು ಬಿಗಿ ಮಾಡಿದಷ್ಟೂ ಉಸಿರೆಳೆಯುವುದು ಕಷ್ಟ. ಬೆಳಿಗ್ಗೆ ಮೂವತ್ತು ಸಲ, ಸಂಜೆ ಮೂವತ್ತು ಸಲ ಎಳೆಯಬೇಕು, ಗದ್ದ ಒಳಗಿರಬೇಕು, ಹೆಗಲು ಇಳಿದಿರಬೇಕು, ಕತ್ತು ಅಲ್ಲಾಡಕೂಡದು.

ಕಷ್ಟವಿದ್ದದ್ದು ಅಲ್ಲೇ. ಒಡಪು ಕಲಿಸುವಾಗ ಅಪ್ಪ ಹೇಳಿಕೊಟ್ಟದ್ದು ಇದರ ತದ್ವಿರುದ್ಧ. ಕತ್ತು ಚಾಚು, ಹೆಗಲೇರಿಸು, ಬಾಯಿ ತುಂಬ ಎಳೆ. ಪುರವಂತರೆಲ್ಲ ಹಾಗೇ ಎಳೆಯುತ್ತಾರೆ, ಕತ್ತು ಉಬ್ಬಿದಷ್ಟೂ ದೇವರ ಆವೇಶ ಕಾಣುತ್ತದೆ ಎಂದು ಜನರೂ ನಂಬಿದ್ದಾರೆ. ಗಂಗಾಧರಪ್ಪನೂ ಹಾಗೇ ಎಳೆದ. ದಿವ್ಯಾ ಅವನ ಕತ್ತಿನ ಮೇಲೆ ಅಂಗೈ ಇಟ್ಟು, ಇದು ಮಲಗಬೇಕು ಗಂಗಾಧರಪ್ಪನವರೇ, ಇದು ದುಡಿಯಕೂಡದು ಎಂದಳು. ಮನೆಗೆ ಬಂದು ಹಿತ್ತಿಲ ಕೋಣೆಯಲ್ಲಿ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಪಂಚಾಂಗ ಇಟ್ಟುಕೊಂಡು, ಪಂಚಾಂಗ ಏರುವಂತೆ ಉಸಿರಾಡಿದ. ಕತ್ತು ಮಲಗುವುದಕ್ಕೆ ಹದಿನೆಂಟು ದಿನ ಹಿಡಿಯಿತು. ಮಿಷನ್ನಿನ ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ, ಬಗ್ಗುವುದು ಕಡಿಮೆಯಾಯಿತು. ಬೇಸರ ಬಂದಾಗಲೆಲ್ಲ ಎದುರಿನ ಬೋಳು ನೆತ್ತಿ ನೋಡುತ್ತಿದ್ದ. ಇನ್ನೂ ಹತ್ತು ಸಲ ಎಳೆಯುವಷ್ಟು ಹುರುಪು ಬರುತ್ತಿತ್ತು. ಒಂದೂವರೆ ತಿಂಗಳಿಗೆ ಮೀಟರು ಅರವತ್ತೆಂಟು ತೋರಿಸಿತು.

ಈ ಸುದ್ದಿಯನ್ನು ಅವನು ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ. ಹೇಳಿದವಳು ಮರುಳಸಿದ್ದಮ್ಮ. ನಲ್ಲಿ ನೀರು ಹಿಡಿಯುವಾಗ ಈರಬಸಪ್ಪನ ಹೆಂಡತಿ ಸರ್ವಮಂಗಳ, ತನ್ನ ಗಂಡನಿಗೂ ಕತ್ತು ನೋವು, ಮೆಟ್ಟಿಲು ಹತ್ತಿದರೆ ಏದುಸಿರು ಎಂದಿದ್ದಾಳೆ. ಇವಳು ದುರ್ಗದ ಮೇಡಂ ವಿಳಾಸ ಕೊಟ್ಟಿದ್ದಾಳೆ. ಮುಂದಿನ ಸಲ ಗಂಗಾಧರಪ್ಪ ಹೋದಾಗ ಅಲ್ಲಿನ ಬೆಂಚಿನ ಮೇಲೆ ಈರಬಸಪ್ಪ ಕೂತಿದ್ದ, ಕೈಯಲ್ಲಿ ಅಂಥದೇ ಸಾಧನ. ಮೀಟರಿನಲ್ಲಿ ಅವನದು ಮೊದಲ ದಿನವೇ ಐವತ್ತೊಂಬತ್ತು. ಗಂಗಾಧರಪ್ಪನ ಮುಖ ಕಪ್ಪಿಟ್ಟಿತು. ನಲವತ್ತೆರಡರಿಂದ ಹೊರಟ ತಾನು ಐವತ್ತೊಂಬತ್ತು ಮುಟ್ಟಲು ಒಂದು ತಿಂಗಳು ಒದ್ದಾಡಿದ್ದ, ಇವನು ಅಲ್ಲೇ ನಿಂತು ಶುರುಮಾಡುತ್ತಾನೆ.

ದಿವ್ಯಾಳಿಗೆ ಇದೆಲ್ಲ ಏನು ಗೊತ್ತು? ಈರಬಸಪ್ಪ ಅಂಗಡಿ ಬಿಟ್ಟು ವಾರವಾರ ಬರಲಾಗುವುದಿಲ್ಲ ಎಂದಾಗ ಅವಳು ಗಂಗಾಧರಪ್ಪನ ಬೆನ್ನು ತಟ್ಟಿ, ಇವರು ನನಗಿಂತ ಚೆನ್ನಾಗಿ ಮಾಡುತ್ತಾರೆ, ಎದುರಿಗೇ ಇದ್ದೀರಲ್ಲ, ದಿನಾ ಇವರ ಹತ್ತಿರ ತಿದ್ದಿಸಿಕೊಳ್ಳಿ ಎಂದುಬಿಟ್ಟಳು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದರು. ಈರಬಸಪ್ಪ ದಾರಿಯುದ್ದಕ್ಕೂ ಮಾತಾಡಿದ. ಗಂಗಾಧರಪ್ಪ ಕಿಟಕಿಯ ಆಚೆ ನೋಡುತ್ತ ಬಿಂದುವಿನ ಗುಗ್ಗುಳದ ದಿನ ಎಣಿಸಿದ. ಇನ್ನು ಐವತ್ತೊಂದು ದಿನ.

ಮರುದಿನ ಬೆಳಿಗ್ಗೆ ವಾಚಿನ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತ. ಈರಬಸಪ್ಪ ಗದ್ದ ಒಳಗೆಳೆದು, ಹೆಗಲು ಇಳಿಬಿಟ್ಟು, ಮೇಡಂ ಹೇಳಿದಂತೆಯೇ ಎಳೆದ. ತಪ್ಪು ಅಲ್ಪಸ್ವಲ್ಪ, ನಾಲ್ಕು ದಿನದಲ್ಲಿ ತಿದ್ದಬಹುದಾದದ್ದು. ಇವನಿಗೆ ಎಲ್ಲವೂ ಹೀಗೇ, ಕಷ್ಟವೇ ಇಲ್ಲದೆ ಕೈಗೆ ಬಂದುಬಿಡುತ್ತದೆ ಎಂದುಕೊಳ್ಳುತ್ತ ಗಂಗಾಧರಪ್ಪ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ.

‘ಇದಲ್ಲ, ಈರಬಸಪ್ಪ. ಕತ್ತು ಚಾಚು, ಹೆಗಲು ಎತ್ತು. ಒಡಪಿಗೆ ಎಳೀತಿಯಲ್ಲ, ಹಂಗೆ ಎಳಿ,’ ಅಂದ.

‘ಕತ್ತು ಅಲ್ಲಾಡಬಾರ್ದು ಅಂದ್ರಲ್ಲ ಮೇಡಂ?’

‘ಅದು ಬೇರೆ ಮಂದಿಗೆ. ನಾವು ಪುರವಂತ್ರು, ನಮ್ಗೆ ಬೇರೆ ಐತೆ. ಅಪ್ಪ ಏನ್ ಕಲ್ಸಿದ್ರು ನಿಂಗೆ?’

ಗುರುವಿನ ಹೆಸರು ಎತ್ತಿದ ಮೇಲೆ ಈರಬಸಪ್ಪ ಸಾಧನವನ್ನು ಮತ್ತೆ ಬಾಯಿಗಿಟ್ಟ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು, ಮೇಡಂಗೆ ಫೋನು ಹಚ್ಚುತ್ತಿದ್ದರು. ಹಾಗೆ ಉಸಿರೆಳೆದೇ ದೊಡ್ಡ ದೊಡ್ಡ ಒಡಪು ಹೇಳಿದವನಿಗೆ ಅದು ಸುಳ್ಳೆಂದು ತೋರುವುದಾದರೂ ಹೇಗೆ? ಕತ್ತು ಚಾಚಿ ಎಳೆದ. ಗಂಗಾಧರಪ್ಪ ಕೈ ಹಾಕಿ ತಿರುಪನ್ನೂ ಎರಡು ಸುತ್ತು ಬಿಗಿ ಮಾಡಿದ.

ದಿನಾ ಬೆಳಿಗ್ಗೆ ಹೋಗಿ ನೋಡಿಕೊಂಡು ಬರುತ್ತಿದ್ದ. ಈರಬಸಪ್ಪ ಒಂದು ದಿನವೂ ತಪ್ಪಿಸಲಿಲ್ಲ, ಮೂವತ್ತು ಅಂದರೆ ಮೂವತ್ತು. ಗಂಗಣ್ಣ ನನಗಾಗಿ ಇಷ್ಟು ಮಾಡುತ್ತಾನೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ, ಚಹಾ ತರಿಸುತ್ತಿದ್ದ. ಆ ಚಹಾವನ್ನು ಗಂಗಾಧರಪ್ಪ ಕುಡಿಯುತ್ತಿದ್ದ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೆ ನಾಚಿಕೆಗಿಂತ ಭೀಮಸಮುದ್ರದ ಆ ಕೂಗು ಕಿವಿಯಲ್ಲಿ ಜೋರಾಗಿತ್ತು. ಎರಡನೆಯ ವಾರ ಈರಬಸಪ್ಪನಿಗೆ ತಲೆನೋವು ಹಿಡಿಯಿತು. ಮೂರನೆಯ ವಾರ ಕತ್ತು ಎಡಕ್ಕೆ ತಿರುಗದಾಯಿತು. ಐದನೆಯ ವಾರಕ್ಕೆ ಎಡಗೈ ಬೆರಳುಗಳಲ್ಲಿ ಜೋಮು. ಗಂಗಾಧರಪ್ಪ ಪ್ರತಿ ಸಲವೂ, ಮೊದಲು ಹಾಗೇ ಆಗುತ್ತದೆ ಎಂದ.

ಮದುವೆಗೆ ಒಂಬತ್ತು ದಿನ ಇರುವಾಗ ಈರಬಸಪ್ಪ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಅವರ ಮನೆಗೆ ಬಂದ. ಮರುಳಸಿದ್ದಮ್ಮ ಕುಂತ್ಕಳ್ರಿ ಎಂದರೂ ಕೂರಲಿಲ್ಲ. ತೆಗೆದುಕೊಂಡ ವೀಳ್ಯವನ್ನು ತಟ್ಟೆಯಲ್ಲಿಟ್ಟು ಗಂಗಾಧರಪ್ಪನ ಕಡೆ ನೀಡಿದ. ಕತ್ತಿ ಹಿಡಿಯಲು ಕೈ ಏಳುತ್ತಿಲ್ಲ, ಉಸಿರೂ ನಿಲ್ಲುತ್ತಿಲ್ಲ, ಗುರುಗಳ ಮೊಮ್ಮಗಳ ಗುಗ್ಗುಳ ನನ್ನಿಂದ ಕೆಡುವುದು ಬೇಡ, ನೀನೇ ಹೇಳು ಗಂಗಣ್ಣ ಎಂದ. ಹೇಳುವಾಗ ಅವನ ಕಣ್ಣು ತುಂಬಿತ್ತು. ಗಂಗಾಧರಪ್ಪ ತಟ್ಟೆ ತೆಗೆದುಕೊಂಡ. ತನಗಾಗುತ್ತಿರುವ ಖುಷಿ ಮುಖದಲ್ಲಿ ಕಾಣಬಾರದೆಂದು ದೇವರ ಮನೆಗೆ ಹೋಗಿ ಬಹಳ ಹೊತ್ತು ನಿಂತ.

ಗುಗ್ಗುಳದ ದಿನ ಅವನು ಕಾವಿ ತೊಟ್ಟು ಬೀದಿಗಿಳಿದಾಗ ನೋಡಿದವರು ಇದು ಗಂಗಾಧರಪ್ಪನೇ ಹೌದೇ ಎಂದರು, ಅಷ್ಟು ನೆಟ್ಟಗೆ ನಿಂತಿದ್ದ. ಮೊದಲ ಒಡಪು ಹೋಯಿತು, ಎರಡನೆಯದು ಹೋಯಿತು. ಮೂರನೆಯದರ ಕೊನೆಯ ಸಾಲುಗಳು ಬಂದವು. ಗದ್ದ ಒಳಗೆಳೆದು, ಹೆಗಲು ಬಿಟ್ಟು, ಹೊಟ್ಟೆಯಿಂದ ಎಳೆದ. ಕತ್ತಿನ ಒಂದು ನರವೂ ಏಳಲಿಲ್ಲ. ದನಿ ಏರಿತು, ಇನ್ನೂ ಏರಿತು, ಕೊನೆಯ ಮಾತು ಮುಗಿದ ಮೇಲೂ ಎದೆಯಲ್ಲಿ ಉಸಿರು ಉಳಿದಿತ್ತು. ಬೀದಿಗೆ ಬೀದಿಯೇ ಕೂಗಿತು. ಬಿಂದು ಬಾಗಿಲಲ್ಲಿ ಅರಿಸಿನದ ಕೈಗಳಿಂದಲೇ ಚಪ್ಪಾಳೆ ತಟ್ಟಿದಳು. ಗಂಗಾಧರಪ್ಪ ಮಗಳನ್ನು ನೋಡಲಿಲ್ಲ. ಗುಂಪಿನಲ್ಲಿ ಒಂದು ಮುಖ ಹುಡುಕಿದ. ಐದು ತಿಂಗಳು ತಾನು ಬೆಂದ ಬೇಗೆಯನ್ನು ಆ ಮುಖದ ಮೇಲೆ ನೋಡಬೇಕಾಗಿತ್ತು.

ಈರಬಸಪ್ಪ ಸಮಾಳದವರ ಪಕ್ಕದಲ್ಲೇ ಇದ್ದ. ಕತ್ತಿನ ಪಟ್ಟಿಯಿಂದಾಗಿ ತಲೆ ಎತ್ತಲಾಗದೆ ಇಡೀ ಮೈ ಹಿಂದಕ್ಕೆ ಬಾಗಿಸಿ ‘ಅಹಾ ದೇವ’ ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಊಟದ ಪಂಕ್ತಿಯಲ್ಲಿ ಬೀಗರ ಪಕ್ಕ ಕೂತು, ಇದೆಲ್ಲ ದುರ್ಗದ ಮೇಡಂ ಕಲಿಸಿದ ಉಸಿರು, ಗಂಗಣ್ಣ ನನಗೂ ದಿನಾ ಬಂದು ಹೇಳಿಕೊಟ್ಟ, ನನ್ನ ಮೈಗೇ ಹತ್ತಲಿಲ್ಲ, ತಪ್ಪು ನನ್ನದು ಎಂದು ಹೇಳುತ್ತಿದ್ದ. ಹೋಳಿಗೆಯ ಪಾತ್ರೆ ಹಿಡಿದು ಹಿಂದೆ ನಿಂತಿದ್ದ ಗಂಗಾಧರಪ್ಪ ಅದನ್ನು ಕೇಳಿಸಿಕೊಂಡ. ಎಡಗೈ ಮಡಿಲಲ್ಲಿಟ್ಟುಕೊಂಡು ಈರಬಸಪ್ಪ ಒಂದೇ ಕೈಯಲ್ಲಿ ಹೋಳಿಗೆ ಮುರಿಯಲು ಒದ್ದಾಡುತ್ತಿದ್ದುದೂ ಕಾಣಿಸಿತು. ಗಂಗಾಧರಪ್ಪ ಪಾತ್ರೆಯನ್ನು ಬೇರೆಯವರ ಕೈಗೆ ಕೊಟ್ಟು, ಊಟಕ್ಕೆ ಕೂರದೆ ಹಿತ್ತಿಲಿಗೆ ನಡೆದ.

ಮಗಳನ್ನು ಕಳಿಸಿಕೊಟ್ಟ ಮರುದಿನ ದಿವ್ಯಾಳಿಗೆ ಫೋನು ಮಾಡಿ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಅವಳು ಬೈದಳು, ಚೆನ್ನಾಗಿಯೇ ಬೈದಳು. ಆಮೇಲೆ, ಸಾಧನ ಸದ್ಯಕ್ಕೆ ಮುಟ್ಟಿಸಬೇಡಿ, ಬರಿ ಮಲಗಿಸಿ ಉಸಿರಾಡಿಸಿ, ಈ ವಾರವೇ ಕರೆದುಕೊಂಡು ಬನ್ನಿ ಎಂದಳು. ಗಂಗಾಧರಪ್ಪ ರಸ್ತೆ ದಾಟಿದ.

‘ಈರಬಸಪ್ಪ, ತಪ್ಪು ನಿನ್ ಮೈದಲ್ಲ. ನಾನು ಬೇಕಂತ್ಲೇ ತಪ್ಪು ಕಲ್ಸಿದೆ,’ ಅಂದ.

ಈರಬಸಪ್ಪ ಕಣ್ಣಿನ ಮಸೂರ ತೆಗೆದ. ಎಡಗೈಯಲ್ಲಿದ್ದ ಚಿಮಟ ತಾನಾಗಿ ಜಾರಿ ಗಾಜಿನ ಮೇಲೆ ಬಿತ್ತು. ಯಾಕೆ ಎಂದು ಕೇಳಿದ. ಭೀಮಸಮುದ್ರ ಎಂದಷ್ಟೇ ಹೇಳಲು ಗಂಗಾಧರಪ್ಪನಿಗೆ ಸಾಧ್ಯವಾಯಿತು.

‘ವಾಚಿನ ಮುಳ್ಳು ಹಿಡಿಯಾಕೆ ಆಗ್ತಿಲ್ಲ ನಂಗೆ. ನೀನು ದಿನಾ ಕುಂತು ನೋಡ್ತಿದ್ದೆ,’ ಎಂದ ಈರಬಸಪ್ಪ. ದನಿ ಏರಿಸಲಿಲ್ಲ. ಎದ್ದು ಷಟರ್ ಎಳೆದುಕೊಂಡ.

ಮೂರು ದಿನ ಆ ಷಟರ್ ತೆರೆಯಲಿಲ್ಲ. ಹೊಲಿಗೆ ಮಿಷನ್ನಿನಿಂದ ತಲೆ ಎತ್ತಿದರೆ ಬೋಳು ನೆತ್ತಿಯ ಜಾಗದಲ್ಲಿ ತಗಡು ಕಾಣುತ್ತಿತ್ತು. ಗಂಗಾಧರಪ್ಪ ಬೆಳಿಗ್ಗೆ ಸಂಜೆ ಅವರ ಮನೆ ಬಾಗಿಲಿಗೆ ಹೋಗಿ ನಿಂತ. ಸರ್ವಮಂಗಳ ಬಾಯಿಗೆ ಬಂದಂತೆ ಅಂದಳು, ಕೇಳಿಸಿಕೊಂಡು ಹೋಗಿ ಮತ್ತೆ ಬಂದು ನಿಂತ. ನಾಲ್ಕನೆಯ ದಿನ ಒಳಗಿನಿಂದ ಈರಬಸಪ್ಪನ ದನಿ ಬಂತು. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ, ಆದರೆ ನನ್ನ ಕೈ ನನಗೆ ಬೇಕು, ಸರಿಯಾದದ್ದನ್ನು ತೋರಿಸು ಎಂದ.

ನಡುಮನೆಯಲ್ಲಿ ಚಾಪೆ ಹಾಸಿದರು. ಈರಬಸಪ್ಪ ಪಟ್ಟಿ ಬಿಚ್ಚಿ ಅಂಗಾತ ಮಲಗಿದ. ಗಂಗಾಧರಪ್ಪ ಪಕ್ಕದಲ್ಲಿ ಮಂಡಿಯೂರಿ ಅವನ ಕತ್ತಿನ ಮೇಲೆ ಅಂಗೈ ಇಟ್ಟ. ಒಂದೊಂದು ಉಸಿರಿಗೂ ಎರಡು ನರಗಳು ಹಗ್ಗದಂತೆ ಬಿಗಿದು ಅಂಗೈಗೆ ಒತ್ತುತ್ತಿದ್ದವು. ಅವನ್ನು ಹಾಗೆ ಬಿಗಿದವನು ತಾನು. ಹೆಗಲು ಬಿಡು, ಹೊಟ್ಟೆ ಏಳಲಿ, ಅವಸರ ಬೇಡ ಎಂದು ಮೆಲ್ಲಗೆ ಹೇಳುತ್ತ ಹೋದ. ನಾಲ್ಕನೆಯ ಉಸಿರಿಗೆ ಬಿಗಿ ಸ್ವಲ್ಪ ಸಡಿಲಿತು. ಏಳನೆಯದಕ್ಕೆ ಅಂಗೈಯ ಕೆಳಗೆ ಕತ್ತು ಪೂರ್ತಿ ಮಲಗಿತು, ಹೊಟ್ಟೆ ತಾನಾಗಿ ಏರಿ ಇಳಿಯತೊಡಗಿತು. ಗಂಗಾಧರಪ್ಪನಿಗೆ ಹದಿನೆಂಟು ದಿನ ಹಿಡಿದದ್ದು ಈ ಮನುಷ್ಯನಿಗೆ ಏಳು ಉಸಿರಿನಲ್ಲಿ ಬಂತು.

‘ಬಂತಾ?’ ಎಂದು ಈರಬಸಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ.

ಗಂಗಾಧರಪ್ಪನ ಹೊಟ್ಟೆಯಲ್ಲಿ ಅದೇ ಬೆಂಕಿ ಮತ್ತೆ ಭಗ್ಗೆಂದಿತು. ಇನ್ನೂ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೇಳಿದ್ದರೆ ಆ ಮನುಷ್ಯ ಅದನ್ನೂ ನಂಬುತ್ತಿದ್ದ.

‘ಬಂತು,’ ಅಂದ. ಅಷ್ಟು ಹೇಳುವುದರೊಳಗೆ ಅವನ ಎದೆಯ ಉಸಿರೆಲ್ಲ ಖಾಲಿಯಾಗಿತ್ತು.